ಲೂಯೀಸ್ ನೆವೆಲ್ಸನ್: ಪದೇ ಪದೇ ಕೇಳುವ ಪ್ರಶ್ನೆಗಳು

ಲೂಯೀಸ್ ನೆವೆಲ್ಸನ್ ಯಾರು? ಚುಟುಕಾಗಿ ಹೇಳಿ.

ಬೀದಿಯಲ್ಲಿ ಬಿದ್ದ ಮರದ ತುಂಡುಗಳನ್ನು ಆಯ್ದು ತಂದು ಪೆಟ್ಟಿಗೆಗಳೊಳಗೆ ಜೋಡಿಸಿ, ಆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಗೋಡೆಯಷ್ಟು ದೊಡ್ಡ ಶಿಲ್ಪ ಕಟ್ಟಿದ ಅಮೆರಿಕದ ಕಲಾವಿದೆ. ಶಿಲ್ಪಕ್ಕೆಲ್ಲ ಒಂದೇ ಬಣ್ಣ, ಹೆಚ್ಚಾಗಿ ಕಪ್ಪು. ಹುಟ್ಟಿದ್ದು 1899ರಲ್ಲಿ, ತೀರಿಕೊಂಡದ್ದು 1988ರಲ್ಲಿ. ಹೆಸರು ಬಂದದ್ದು 58 ದಾಟಿದ ಮೇಲೆ. ಅದಕ್ಕೂ ಮೊದಲಿನ ಸುಮಾರು 30 ವರ್ಷ ಮಾರಾಟವಾಗದ ಕೃತಿಗಳ ನಡುವೆಯೇ ಬದುಕಿದವರು.

ಅಸೆಂಬ್ಲಾಜ್ ಎಂದರೆ ಏನು?

ಕಲ್ಲನ್ನು ಕೆತ್ತುವುದು, ಜೇಡಿಮಣ್ಣನ್ನು ಮೆತ್ತುವುದು, ಲೋಹವನ್ನು ಎರಕ ಹೊಯ್ಯುವುದು ಶಿಲ್ಪದ ಹಳೆಯ ದಾರಿಗಳು. ಈಗಾಗಲೇ ಇರುವ ವಸ್ತುಗಳನ್ನು ಒಂದುಗೂಡಿಸಿ ಹೊಸ ಆಕಾರ ಕೊಡುವುದು ಅಸೆಂಬ್ಲಾಜ್. ಕಾಗದದ ಮೇಲೆ ಕೊಲಾಜ್ ಮಾಡುವ ಕೆಲಸವನ್ನೇ ಇಲ್ಲಿ ಮೂರು ಆಯಾಮಗಳಲ್ಲಿ ಮಾಡುತ್ತಾರೆ. ಪಿಕಾಸೊ, ಯುರೋಪಿನ ಬಂಡಾಯ ಕಲಾ ಚಳವಳಿಯಾದ ದಾದಾ ಪಂಥದವರು ಇದನ್ನು 20ನೇ ಶತಮಾನದ ಆರಂಭದಲ್ಲೇ ಮಾಡಿದ್ದರು. 1961ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ವಿಲಿಯಂ ಸೈಟ್ಜ್ ಏರ್ಪಡಿಸಿದ ದೊಡ್ಡ ಪ್ರದರ್ಶನ ಈ ಹೆಸರನ್ನು ಜನರ ಬಾಯಿಗೆ ತಂದಿತು. ಅದರಲ್ಲಿ ನೆವೆಲ್ಸನ್ ಅವರ ಕೃತಿಯೂ ಇತ್ತು.

ಹಾಗಾದರೆ ಇದು ‘ಕಸದಿಂದ ರಸ’ ತಾನೇ?

ಈ ಪ್ರಶ್ನೆಯೇ ಎಲ್ಲರಿಂದ ಮೊದಲು ಬರುತ್ತದೆ. ನನಗೆ ಸ್ವಲ್ಪ ಸಿಟ್ಟು ತರಿಸುವ ಪ್ರಶ್ನೆಯೂ ಇದೇ. ಶಾಲೆಯ ವಸ್ತುಪ್ರದರ್ಶನದಲ್ಲಿ ಬಾಟಲಿಗೆ ಬಣ್ಣ ಬಳಿದು ಹೂದಾನಿ ಮಾಡುವ ಕೆಲಸದ ಸಾಲಿಗೆ ನೆವೆಲ್ಸನ್ ಅವರನ್ನು ಸೇರಿಸಿದರೆ ಅವರ ಕೃತಿಯ ಮುಖ್ಯ ಸಂಗತಿಯೇ ಕೈತಪ್ಪುತ್ತದೆ. ಗುಜರಿ ಮರ ಅವರಿಗೆ ಸುಲಭವಾಗಿ ಸಿಗುತ್ತಿದ್ದ, ಕಾಸು ಕೇಳದ ಸಾಮಗ್ರಿ, ಅಷ್ಟೇ. ಅವರು ನಿಜವಾಗಿ ಕಟ್ಟಿದ್ದು ನೆರಳನ್ನು. ಪೆಟ್ಟಿಗೆ ಎಷ್ಟು ಆಳವಿರಬೇಕು, ಯಾವ ತುಂಡು ಎಷ್ಟು ಮುಂದೆ ಚಾಚಿರಬೇಕು, ಯಾವುದು ಹಿಂದೆ ಸರಿದು ಕತ್ತಲಲ್ಲಿ ಮುಳುಗಿರಬೇಕು ಎಂಬ ಲೆಕ್ಕದಲ್ಲಿ ಅವರ ಪ್ರತಿಭೆಯಿದೆ. ತಮ್ಮನ್ನು ತಾವೇ ನೆರಳಿನ ವಾಸ್ತುಶಿಲ್ಪಿ ಎಂದು ಕರೆದುಕೊಳ್ಳುತ್ತಿದ್ದರು. ಬಡಾಯಿ ಎನಿಸಿದರೂ ಆ ಮಾತು ಸರಿಯಾಗಿಯೇ ಇದೆ.

ಅವರು ಹುಟ್ಟಿದ್ದು ಅಮೆರಿಕದಲ್ಲಿ ಅಲ್ಲವೇ?

ಅಲ್ಲ. ಹುಟ್ಟಿದ್ದು ಆಗಿನ ರಷ್ಯಾ ಸಾಮ್ರಾಜ್ಯದ ಪೆರೆಯಾಸ್ಲಾವ್ ಊರಿನಲ್ಲಿ. ಕೀವ್ ನಗರಕ್ಕೆ ಹತ್ತಿರದ ಆ ಊರು ಈಗ ಉಕ್ರೇನಿನಲ್ಲಿದೆ. ಹುಟ್ಟುಹೆಸರು ಲಿಯಾ ಬೆರ್ಲಿಯಾವ್ಸ್ಕಿ, ಯಹೂದಿ ಮನೆತನ. ಯಹೂದಿಗಳ ಮೇಲೆ ಹಲ್ಲೆ, ಕಿರುಕುಳ ನಡೆಯುತ್ತಿದ್ದ ಕಾಲವದು. ತಂದೆ ಐಸಾಕ್ ಮೊದಲು ಒಬ್ಬರೇ ಅಮೆರಿಕಕ್ಕೆ ಹೊರಟರು. ಅಪ್ಪ ಹೋದ ಮೇಲೆ ಪುಟ್ಟ ಲಿಯಾ ಸುಮಾರು ಆರು ತಿಂಗಳು ಬಾಯಿಯೇ ಬಿಡಲಿಲ್ಲವಂತೆ. 1905ರಲ್ಲಿ ತಾಯಿ ಮಿನ್ನಾ ಮಕ್ಕಳನ್ನು ಕಟ್ಟಿಕೊಂಡು ಲಿವರ್‌ಪೂಲ್ ಮಾರ್ಗವಾಗಿ ಹಡಗಿನಲ್ಲಿ ಬಂದು, ಮೈನ್ ರಾಜ್ಯದ ರಾಕ್‌ಲ್ಯಾಂಡ್ ಎಂಬ ಕಡಲತೀರದ ಊರಿನಲ್ಲಿ ಗಂಡನನ್ನು ಕೂಡಿಕೊಂಡರು. ಲಿವರ್‌ಪೂಲ್‌ನ ಮಿಠಾಯಿ ಅಂಗಡಿಯೊಂದರಲ್ಲಿ ಸಾಲಾಗಿ ಜೋಡಿಸಿಟ್ಟ ಬಣ್ಣಬಣ್ಣದ ಗಾಜಿನ ಭರಣಿಗಳು ದೀಪದ ಬೆಳಕಿನಲ್ಲಿ ಹೊಳೆಯುತ್ತಿದ್ದುದನ್ನು ಮುದಿ ವಯಸ್ಸಿನಲ್ಲೂ ನೆನೆಯುತ್ತಿದ್ದರು.

ಮರದ ನಂಟು ಮನೆಯಿಂದ ಬಂದದ್ದೇ?

ಬಂದಿರಲೇಬೇಕು. ರಾಕ್‌ಲ್ಯಾಂಡಿನಲ್ಲಿ ತಂದೆ ಮರ ಕಡಿಯುವ ಕೆಲಸ ಮಾಡಿದರು, ಗುಜರಿ ವ್ಯಾಪಾರ ಮಾಡಿದರು, ಕೊನೆಗೆ ಮರದ ಮಂಡಿ ಇಟ್ಟು ಮನೆ ಕಟ್ಟಿಸಿ ಮಾರುವ ಮಟ್ಟಕ್ಕೆ ಬೆಳೆದರು. ಮರ ಮತ್ತು ಗುಜರಿ ಎರಡೂ ಅಪ್ಪನ ಕಸುಬೇ ಆಗಿದ್ದ ಮನೆಯ ಮಗಳು ಮುಂದೆ ಗುಜರಿ ಮರದಿಂದಲೇ ಹೆಸರಾದಳು ಎಂಬುದು ಜೀವನಚರಿತ್ರೆ ಬರೆಯುವವರಿಗೆ ಹಬ್ಬದೂಟ. ತಾಯಿಯ ಪಾಲನ್ನೂ ಮರೆಯಬಾರದು. ಪರಊರಿನಲ್ಲಿ ಒಂಟಿಯಾಗಿ ಬೇಯುತ್ತಿದ್ದ ಮಿನ್ನಾ, ಹೊರಗೆ ಕಾಲಿಡುವಾಗ ಮಾತ್ರ ಮಕ್ಕಳಿಗೂ ತನಗೂ ಆ ಸಣ್ಣ ಊರು ಬೆರಗಾಗುವಂತೆ ಉಡುಗೆ ತೊಡಿಸುತ್ತಿದ್ದರು. ಮಗಳ ಮುಂದಿನ ಠೀವಿಗೆ ಬೇರು ಅಲ್ಲಿದೆ.

ಒಂಬತ್ತನೇ ವಯಸ್ಸಿಗೇ ಶಿಲ್ಪಿಯಾಗುತ್ತೇನೆ ಎಂದರಂತೆ. ನಿಜವೇ?

ಅವರೇ ಹೇಳಿಕೊಂಡ ಕಥೆ ಇದು. ರಾಕ್‌ಲ್ಯಾಂಡಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಯಾರೋ ದೊಡ್ಡವಳಾದ ಮೇಲೆ ಏನಾಗುತ್ತೀಯೆ ಎಂದು ಕೇಳಿದಾಗ ಮೊದಲು ಕಲಾವಿದೆ ಎಂದಳಂತೆ. ಅಷ್ಟರಲ್ಲಿ ಅಲ್ಲಿದ್ದ ಜೋನ್ ಆಫ್ ಆರ್ಕ್‌ಳ ಪ್ಲಾಸ್ಟರ್ ಪ್ರತಿಮೆ ಕಣ್ಣಿಗೆ ಬಿದ್ದು, ಇಲ್ಲ, ಶಿಲ್ಪಿಯೇ ಆಗುತ್ತೇನೆ, ನನಗೆ ಬಣ್ಣದ ಸಹಾಯ ಬೇಡ ಎಂದಳಂತೆ. ತಮ್ಮ ಬಗ್ಗೆ ತಾವೇ ಪುರಾಣ ಕಟ್ಟಿಕೊಳ್ಳುವುದರಲ್ಲಿ ನೆವೆಲ್ಸನ್ ನಿಸ್ಸೀಮರು. ಹಾಗಾಗಿ ಕಥೆಯನ್ನು ಅಷ್ಟಕ್ಕೇ ಸವಿಯಿರಿ. ಬಣ್ಣ ಬೇಡ ಎಂಬ ಕೊನೆಯ ಮಾತನ್ನು ಅವರು ಬದುಕಿಡೀ ಪಾಲಿಸಿದ್ದು ಮಾತ್ರ ನಮ್ಮ ಕಣ್ಣೆದುರಿಗೇ ಇದೆ.

ನೆವೆಲ್ಸನ್ ಎಂಬುದು ಗಂಡನ ಹೆಸರೇ? ಸಂಸಾರ ಹೇಗಿತ್ತು?

ಹೌದು. ಪ್ರೌಢಶಾಲೆ ಮುಗಿಸಿ ವಕೀಲರ ಕಚೇರಿಯಲ್ಲಿ ಶೀಘ್ರಲಿಪಿ ಬರೆಯುವ ಕೆಲಸಕ್ಕೆ ಸೇರಿದ್ದಾಗ ಹಡಗು ವ್ಯಾಪಾರದ ನೆವೆಲ್ಸನ್ ಸಹೋದರರ ಪರಿಚಯವಾಯಿತು. ಅವರಲ್ಲಿ ಒಬ್ಬರಾದ ಚಾರ್ಲ್ಸ್ ಅವರನ್ನು 1920ರಲ್ಲಿ ಮದುವೆಯಾಗಿ ನ್ಯೂಯಾರ್ಕಿಗೆ ಬಂದರು. 1922ರಲ್ಲಿ ಮಗ ಮೈರನ್ ಹುಟ್ಟಿದ. ಎಲ್ಲರೂ ಅವನನ್ನು ಮೈಕ್ ಎನ್ನುತ್ತಿದ್ದರು.

ಸೊಸೆ ಹಾಡು, ನಾಟಕ, ಕುಣಿತ, ಚಿತ್ರ ಎಂದು ತಿರುಗುವುದು ಶ್ರೀಮಂತ ಮನೆತನಕ್ಕೆ ಸರಿಬರಲಿಲ್ಲ. ಸೊಸೆಗೆ ಆ ಮನೆಯೇ ಸರಿಬರಲಿಲ್ಲ. 1931ರಲ್ಲಿ ಮಗನನ್ನು ಮೈನ್‌ನಲ್ಲಿದ್ದ ತವರಿನಲ್ಲಿ ಬಿಟ್ಟು, ಮಗ ಹುಟ್ಟಿದಾಗ ಗಂಡ ಕೊಟ್ಟಿದ್ದ ವಜ್ರದ ಕಂಕಣವನ್ನು ಮಾರಿ, ಕಲಿಯಲೆಂದು ಜರ್ಮನಿಗೆ ಹೋದರು. ಕಾಗದದ ಮೇಲಿನ ವಿಚ್ಛೇದನ ಆದದ್ದು 1941ರಲ್ಲಿ. ಗಂಡನಿಂದ ಜೀವನಾಂಶ ಕೇಳಲಿಲ್ಲ.

ಮಗನನ್ನು ಬಿಟ್ಟುಹೋದ ತಾಯಿ ಎಂಬ ದೂರು ಅವರ ಬೆನ್ನು ಬಿಡಲಿಲ್ಲ. ಆ ನೋವು ಅವರಿಗೂ ಇತ್ತು, ಮಗನಿಗೂ ಇತ್ತು. ಮೈಕ್ ಮುಂದೆ ತಾನೂ ಮರದ ಶಿಲ್ಪಿಯಾದ. ಮಕ್ಕಳನ್ನು ಬಿಟ್ಟು ಪ್ಯಾರಿಸಿಗೋ ತಾಹಿತಿಗೋ ಹೋದ ಗಂಡಸು ಕಲಾವಿದರ ಬಗ್ಗೆ ಇಷ್ಟು ವಿಚಾರಣೆ ನಡೆಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಯಾರ ಬಳಿ ಕಲಿತರು?

ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ, ಮ್ಯೂನಿಕ್‌ನಲ್ಲಿ ಹಾನ್ಸ್ ಹಾಫ್‌ಮನ್ ಅವರ ಬಳಿ, ಆಮೇಲೆ ಶಿಲ್ಪಿ ಚೈಮ್ ಗ್ರಾಸ್ ಅವರ ಬಳಿ. 1933ರಲ್ಲಿ ಮೆಕ್ಸಿಕೋದ ಡಿಯಾಗೊ ರಿವೇರಾ ನ್ಯೂಯಾರ್ಕಿನಲ್ಲಿ ಭಿತ್ತಿಚಿತ್ರ ಬರೆಯುತ್ತಿದ್ದಾಗ ಸಹಾಯಕಿಯಾಗಿ ದುಡಿದರು. ಇವರೆಲ್ಲರಿಗಿಂತ ಹೆಚ್ಚು ಕಲಿಸಿದ್ದು ಕ್ಯೂಬಿಸಂ: ವಸ್ತುವನ್ನು ಬೆಳಕು ನೆರಳಿನ ಪಟ್ಟಿಗಳಾಗಿ ಬಿಡಿಸಿ ನೋಡುವ ಪಾಠ. ನೃತ್ಯವನ್ನೂ ಹಲವಾರು ವರ್ಷ ಬಿಡದೆ ಕಲಿತರು.

ಭಾರತದ ಜೊತೆ ಏನಾದರೂ ಸಂಬಂಧ ಇತ್ತೇ?

ತೆಳುವಾದದ್ದು ಒಂದಿದೆ. 1920ರ ದಶಕದಲ್ಲಿ ನಾಟಕ ಕಲಿಯುತ್ತಿದ್ದಾಗ ಗುರುವಾಗಿದ್ದ ನೊರಿನಾ ಮಾಚಬೆಲಿ ಅವರ ಮೂಲಕ ಜಿಡ್ಡು ಕೃಷ್ಣಮೂರ್ತಿಯವರ ವಿಚಾರಗಳ ಪರಿಚಯವಾಯಿತು. ಅವರ ಉಪನ್ಯಾಸಗಳನ್ನು ಕೇಳಿದರು, ಪುಸ್ತಕಗಳನ್ನು ಓದಿದರು. ಯಾರನ್ನೂ ಗುರುವೆಂದು ನೆಚ್ಚಬೇಡಿ ಎಂದ ಮನುಷ್ಯನ ಮಾತು ಈ ಹಟಮಾರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇದಕ್ಕಿಂತ ಹೆಚ್ಚಿನ ನಂಟು ಹುಡುಕಿ ಅವರ ಗೋಡೆಗಳಲ್ಲಿ ದೇವಸ್ಥಾನದ ಭಿತ್ತಿಯನ್ನು ಕಾಣುವುದು ಎಳೆದು ತಂದ ಮಾತಾಗುತ್ತದೆ. ಅವರನ್ನು ನಿಜಕ್ಕೂ ಅಲುಗಾಡಿಸಿದ ಪ್ರಾಚೀನ ಕಟ್ಟಡಗಳು 1950ರ ಆಸುಪಾಸಿನ ಪ್ರವಾಸಗಳಲ್ಲಿ ಮೆಕ್ಸಿಕೋ ಮತ್ತು ಗ್ವಾಟೆಮಾಲಾದಲ್ಲಿ ಕಂಡ ಮಾಯಾ ನಾಗರಿಕತೆಯ ಅವಶೇಷಗಳು.

ಮೊದಲ ಪ್ರದರ್ಶನ ಯಾವಾಗ? ಜನ ಹೇಗೆ ಸ್ವೀಕರಿಸಿದರು?

1941ರಲ್ಲಿ. ಕೈಯಲ್ಲಿ ಕಾಸಿಲ್ಲದ ನೆವೆಲ್ಸನ್ ನೇರವಾಗಿ ಕಾರ್ಲ್ ನೀರೆನ್‌ಡಾರ್ಫ್ ಅವರ ಗ್ಯಾಲರಿಗೆ ನುಗ್ಗಿ, ನನ್ನ ಕೆಲಸ ಪ್ರದರ್ಶಿಸಿ ಎಂದರು. ಅವರು ಬಂದು ನೋಡಿ ಒಪ್ಪಿದರು. ಆಗ ಬಂದ ವಿಮರ್ಶೆಗಳು ಕೆಟ್ಟದಾಗಿರಲಿಲ್ಲ. ಆದರೆ ಒಂದು ಪತ್ರಿಕೆಯ ವಿಮರ್ಶಕ ಬರೆದದ್ದು ಕುಖ್ಯಾತವಾಗಿದೆ. ಶಿಲ್ಪಿ ಹೆಂಗಸು ಎಂದು ಸಕಾಲಕ್ಕೆ ಗೊತ್ತಾದದ್ದರಿಂದ ಉತ್ಸಾಹಕ್ಕೆ ಕಡಿವಾಣ ಹಾಕಿದೆವು, ಇಲ್ಲದಿದ್ದರೆ ದೊಡ್ಡ ಕಲಾವಿದನೊಬ್ಬ ಸಿಕ್ಕನೆಂದು ಹೊಗಳಿಬಿಡುತ್ತಿದ್ದೆವು ಎಂಬುದು ಅದರ ತಾತ್ಪರ್ಯ. ಇದನ್ನು ತಮಾಷೆ ಎಂದುಕೊಂಡು ಬರೆದಿದ್ದ.

1943ರಲ್ಲಿ ಸರ್ಕಸ್ ಎಂಬ ವಿಷಯ ಹಿಡಿದು ಬೀದಿಯಲ್ಲಿ ಸಿಕ್ಕ ಮರ ಮತ್ತು ಇತರ ವಸ್ತುಗಳಿಂದ ಮಾಡಿದ ಶಿಲ್ಪಗಳನ್ನು ನಾರ್ಲಿಸ್ಟ್ ಗ್ಯಾಲರಿಯಲ್ಲಿ ಇಟ್ಟರು. ಒಂದೂ ಮಾರಾಟವಾಗಲಿಲ್ಲ. ಮನೆಗೆ ತಂದು ಎಲ್ಲವನ್ನೂ ಒಡೆದು ಹಾಕಿದರು. ಇಂದು ಆ ಕೃತಿಗಳ ಫೋಟೋಗಳಷ್ಟೇ ಉಳಿದಿವೆ. 1940ರ ದಶಕದ ಕೊನೆಯಲ್ಲಿ ನೀರೆನ್‌ಡಾರ್ಫ್ ಹಠಾತ್ತನೆ ತೀರಿಕೊಂಡಾಗ ಇದ್ದ ಒಂದು ಆಸರೆಯೂ ಹೋಯಿತು.

ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು?

ತವರು. ಅದರಲ್ಲೂ ರಾಕ್‌ಲ್ಯಾಂಡಿನಲ್ಲಿ ಥಾರ್ನ್‌ಡೈಕ್ ಹೋಟೆಲ್ ನಡೆಸುತ್ತಿದ್ದ ಸೋದರ ನೇಥನ್ ಕಷ್ಟಕಾಲದಲ್ಲಿ ಕೈಬಿಡಲಿಲ್ಲ. ಆರ್ಥಿಕ ಕುಸಿತದ ವರ್ಷಗಳಲ್ಲಿ ಸರ್ಕಾರದ ಉದ್ಯೋಗ ಯೋಜನೆಯಡಿ ಚಿತ್ರಕಲೆ ಹೇಳಿಕೊಟ್ಟರು. ಕಲಾವಿದ ಒಂಟಿಯಾಗಿ ಬಡಿದಾಡಿ ಗೆದ್ದ ಎಂದು ಬರೆಯುವಾಗ ಮನೆಬಾಡಿಗೆ ಕಟ್ಟಿದ ಅಣ್ಣತಮ್ಮಂದಿರ ಹೆಸರು ಬಿಟ್ಟುಹೋಗುತ್ತದೆ.

ಬೀದಿಯ ಮರ ಆಯುವುದು ಶುರುವಾದದ್ದು ಹೇಗೆ?

1930ರ ದಶಕದ ಚಳಿಗಾಲಗಳಲ್ಲಿ ಮಗನೊಂದಿಗೆ ಬೀದಿಯಲ್ಲಿ ಮರದ ಚೂರುಗಳನ್ನು ಆಯುತ್ತಿದ್ದುದು ಒಲೆಗೆ ಹಾಕಿ ಮೈ ಕಾಯಿಸಿಕೊಳ್ಳಲು. ಕಣ್ಣು ಪಳಗಿದ್ದು ಬಹುಶಃ ಅಲ್ಲಿಂದಲೇ.

1950ರ ದಶಕದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅವರ ಮನೆ ಮ್ಯಾನ್‌ಹಾಟನ್ನಿನ ಪೂರ್ವ 30ನೇ ಬೀದಿಯಲ್ಲಿತ್ತು. ಕಿಪ್ಸ್ ಬೇ ಎನ್ನುವ ಆ ಪ್ರದೇಶದ ಹಳೆಯ ಮನೆಗಳನ್ನು ಕೆಡವಿ ಹೊಸ ವಸತಿ ಸಮುಚ್ಚಯ ಕಟ್ಟಲು ನಗರ ತೀರ್ಮಾನಿಸಿತು. ನೆರೆಹೊರೆಯವರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು. ಹೋಗುವಾಗ ಬಿಟ್ಟುಹೋದ ಮುರಿದ ಕುರ್ಚಿ, ಮಂಚದ ಕಾಲು, ಬಾಗಿಲ ಪಟ್ಟಿಗಳೆಲ್ಲ ಬೀದಿಗೆ ಬಿದ್ದವು. ಅವುಗಳನ್ನು ನೆವೆಲ್ಸನ್ ಹೊತ್ತು ತಂದರು. ತಮ್ಮ ಮನೆಯೂ ಕೆಡವುವ ಪಟ್ಟಿಯಲ್ಲೇ ಇತ್ತು ಎಂಬುದು ಗೊತ್ತಿದ್ದೂ ಒಳಗೆಲ್ಲ ಶಿಲ್ಪ ತುಂಬಿದರು. ಮೆಟ್ಟಿಲ ಮೇಲೆ, ಬಚ್ಚಲುಮನೆಯ ತೊಟ್ಟಿಯಲ್ಲಿ, ಎಲ್ಲೆಲ್ಲೂ. ಕೊನೆಗೆ ಲಿಟಲ್ ಇಟಲಿಯ ಸ್ಪ್ರಿಂಗ್ ಸ್ಟ್ರೀಟ್‌ಗೆ ಸಾಮಾನು ಸಾಗಿಸಿ, ಸಾಯುವವರೆಗೂ ಅಲ್ಲೇ ಇದ್ದರು.

ಅವರ ಗೋಡೆಗಳಲ್ಲಿ ಮನೆಯ ಭಾಗಗಳೇ ಅಷ್ಟೊಂದು ಇರುವುದೇಕೆ ಎಂದು ಕೇಳುವವರಿಗೆ ಇದೇ ಉತ್ತರ. ಒಕ್ಕಲೆದ್ದುಹೋದ ಕೇರಿಯೊಂದು ತುಂಡುತುಂಡಾಗಿ ಅಲ್ಲಿ ಕೂತಿದೆ.

ಪೆಟ್ಟಿಗೆಯ ಉಪಾಯ ಎಲ್ಲಿಂದ ಬಂತು?

1957ರ ಕ್ರಿಸ್‌ಮಸ್ ಹೊತ್ತಿಗೆ ಉಡುಗೊರೆಯಾಗಿ ಬಂದ ಮದ್ಯದ ಬಾಟಲಿಗಳ ಮರದ ಪೆಟ್ಟಿಗೆಯ ಒಳಗಿನ ಖಾನೆಗಳನ್ನು ನೋಡಿ ಹೊಳೆಯಿತು ಎನ್ನುತ್ತಾರೆ. ಅಲ್ಲಿಯವರೆಗೆ ನೆಲದ ಮೇಲೆ ಬಿಡಿಬಿಡಿಯಾಗಿ ನಿಲ್ಲುತ್ತಿದ್ದ ಆಕೃತಿಗಳಿಗೆ ಗೂಡು ಸಿಕ್ಕಿತು. ಗೂಡಿನ ಮೇಲೆ ಗೂಡು ಇಟ್ಟಾಗ ಗೋಡೆ ಎದ್ದಿತು. ಹೊಳೆದದ್ದು ಒಂದು ದಿನವಿರಬಹುದು, ಅದಕ್ಕೆ ಹದವಾಗಿದ್ದ ನೆಲ ಮೂವತ್ತು ವರ್ಷದ್ದು.

‘ಸ್ಕೈ ಕೆಥೀಡ್ರಲ್’ ಎಂಬ ಕೃತಿಯಲ್ಲಿ ಏನೇನಿದೆ?

1958ರ ಆರಂಭದಲ್ಲಿ ಗ್ರ್ಯಾಂಡ್ ಸೆಂಟ್ರಲ್ ಮಾಡರ್ನ್ಸ್ ಗ್ಯಾಲರಿಯಲ್ಲಿ ‘ಮೂನ್ ಗಾರ್ಡನ್ ಪ್ಲಸ್ ಒನ್’ ಎಂಬ ಪ್ರದರ್ಶನ ನಡೆಯಿತು. ಇಡೀ ಕೋಣೆಯಲ್ಲಿ ಕಪ್ಪು ಶಿಲ್ಪಗಳು, ಮಬ್ಬು ಬೆಳಕು. ಅಲ್ಲಿದ್ದ ಗೋಡೆಯೇ ಇದು. ಎತ್ತರ ಸುಮಾರು 3.4 ಮೀಟರ್, ಅಗಲ 3 ಮೀಟರ್‌ಗಿಂತ ತುಸು ಹೆಚ್ಚು, ಆಳ ಮಾತ್ರ ಅರ್ಧ ಮೀಟರ್ ಕೂಡ ಇಲ್ಲ.

ದೂರದಿಂದ ನೋಡಿದರೆ ಕಪ್ಪು ಕಪಾಟುಗಳ ಒಂದು ಗೋಡೆ. ಎರಡು ಹೆಜ್ಜೆ ಹತ್ತಿರ ಹೋದಾಗ ಪೆಟ್ಟಿಗೆಗಳು ಬೇರೆ ಬೇರೆ ಅಳತೆಯವು, ಮೇಲಂಚು ಸಮವಾಗಿಲ್ಲ, ಊರಿನ ಮನೆಗಳ ಸಾಲಿನ ಹಾಗೆ ಏರಿಳಿದಿದೆ ಎಂದು ತಿಳಿಯುತ್ತದೆ. ಇನ್ನೂ ಹತ್ತಿರ ಹೋಗಿ. ಮೆಟ್ಟಿಲ ಪಕ್ಕದ ಕಟಕಟೆಯ ಗಟ್ಟಿ ಗೂಟ, ಕಡೆದ ಮೇಜಿನ ಕಾಲು, ಕುರ್ಚಿಯ ಬೆನ್ನಿನ ಪಟ್ಟಿಗಳು, ಚಾವಣಿಯಂಚಿನ ಅಲಂಕಾರದ ಪಟ್ಟಿ, ಬೌಲಿಂಗ್ ಆಟದ ಗೂಟ, ಗರಗಸದಿಂದ ಕೊಯ್ದು ಬಿಸಾಡಿದ ಚೂಪು ಚೂರುಗಳು. ಒಂದು ಗೂಡಿನಲ್ಲಿ ತುಂಡುಗಳು ಒತ್ತೊತ್ತಾಗಿ ನಿಂತಿದ್ದರೆ ಪಕ್ಕದ್ದರಲ್ಲಿ ಹೆಚ್ಚಿನ ಜಾಗವೆಲ್ಲ ಬರೀ ಕತ್ತಲು. ಒಂದೇ ಕಪ್ಪು ಬಣ್ಣವಾದ್ದರಿಂದ ಯಾವುದು ಗೂಟ, ಯಾವುದು ಅದರ ನೆರಳು ಎಂದು ಕಣ್ಣು ತಡವರಿಸುತ್ತದೆ. ಪಕ್ಕಕ್ಕೆ ಸರಿದರೆ ನೆರಳೂ ಸರಿದು ಬೇರೊಂದು ಗೋಡೆಯೇ ಎದುರು ನಿಂತಂತೆ ಅನಿಸುತ್ತದೆ.

ಈ ಕೃತಿಯನ್ನು ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ದಾನವಾಗಿ ಕೊಟ್ಟವರು ಬೆನ್ ಮಿಲ್ಡ್‌ವಾಫ್ ದಂಪತಿ. ಅಂದರೆ ನೆವೆಲ್ಸನ್ ಅವರ ತಂಗಿ ಮತ್ತು ಭಾವಮೈದುನ. ಜಗತ್ತು ಬೆರಗಾದ ಕೃತಿಯನ್ನೂ ಮ್ಯೂಸಿಯಂಗೆ ಸೇರಿಸಿದ್ದು ಮನೆಯವರೇ!

ಎಲ್ಲಕ್ಕೂ ಕಪ್ಪು ಏಕೆ? ದುಃಖದ ಬಣ್ಣ ಎಂದೇ?

ಅವರ ಪ್ರಕಾರ ಕಪ್ಪು ಎಲ್ಲ ಬಣ್ಣಗಳನ್ನೂ ಒಳಗೊಂಡ, ಎಲ್ಲಕ್ಕಿಂತ ರಾಜಗಾಂಭೀರ್ಯದ ಬಣ್ಣ. ಸಾವು, ಶೋಕ ಎಂಬ ವ್ಯಾಖ್ಯಾನವನ್ನು ಅವರು ಒಪ್ಪುತ್ತಿರಲಿಲ್ಲ.

ಇದಕ್ಕೆ ಕೆಲಸದ ದೃಷ್ಟಿಯ ಕಾರಣವೂ ಇದೆ. ಹತ್ತು ಮನೆಗಳಿಂದ ಬಂದ ತುಂಡುಗಳಿಗೆ ಹತ್ತು ಬಣ್ಣ, ಹತ್ತು ಮೆರುಗು ಇರುತ್ತದೆ. ಹಾಗೆಯೇ ಜೋಡಿಸಿದರೆ ನೋಡುವವರು ಇದು ಕುರ್ಚಿ, ಇದು ಮಂಚ ಎಂದು ಗುರುತಿಸುವ ಆಟಕ್ಕೆ ಇಳಿಯುತ್ತಾರೆ. ಹೊಳಪಿಲ್ಲದ ಕಪ್ಪು ಬಳಿದಾಗ ಹಳೆಯ ಗುರುತು ಅಳಿಸಿ ಆಕಾರವಷ್ಟೇ ಉಳಿಯುತ್ತದೆ. ಹೊಳಪಿದ್ದರೆ ಬೆಳಕು ಮೇಲ್ಮೈಯಲ್ಲೇ ಜಾರಿಹೋಗುತ್ತಿತ್ತು. ಹೊಳಪಿಲ್ಲದ ಕಪ್ಪು ಬೆಳಕನ್ನು ನುಂಗಿ ಆಳವನ್ನು ತೋರಿಸುತ್ತದೆ.

ಬಿಳಿ ಮತ್ತು ಚಿನ್ನದ ಬಣ್ಣದ ಕೃತಿಗಳೂ ಇವೆಯಲ್ಲ?

ಇವೆ. 1959ರ ಡಿಸೆಂಬರಿನಲ್ಲಿ ಕ್ಯುರೇಟರ್ ಡೊರೊತಿ ಮಿಲ್ಲರ್ ‘ಸಿಕ್ಸ್‌ಟೀನ್ ಅಮೆರಿಕನ್ಸ್’ ಎಂಬ ಪ್ರದರ್ಶನಕ್ಕೆ ಅವರನ್ನು ಆರಿಸಿದರು. ಜೊತೆಗಿದ್ದವರು ಜಾಸ್ಪರ್ ಜಾನ್ಸ್, ರಾಬರ್ಟ್ ರಾಷನ್‌ಬರ್ಗ್, ಫ್ರಾಂಕ್ ಸ್ಟೆಲ್ಲಾ. ಎಲ್ಲರೂ ಮಕ್ಕಳ ವಯಸ್ಸಿನವರು. ಸ್ಟೆಲ್ಲಾಗೆ ಆಗ 23, ಇವರಿಗೆ 60. ಎಲ್ಲರೂ ಕಪ್ಪನ್ನೇ ನಿರೀಕ್ಷಿಸುತ್ತಿದ್ದಾಗ ಇವರು ಇಡೀ ಕೋಣೆಯನ್ನು ಬಿಳಿಯಲ್ಲಿ ತುಂಬಿ ಅದಕ್ಕೆ ‘ಡಾನ್ಸ್ ವೆಡ್ಡಿಂಗ್ ಫೀಸ್ಟ್’ ಎಂದು ಹೆಸರಿಟ್ಟರು. ಬೆಳಗಿನ ಜಾವದ ಒಂದು ಮದುವೆ ಮನೆ: ವಧು, ವರ, ಕನ್ನಡಿ, ಕಂಬಗಳು. ಇದು ಇಡಿಯಾಗಿ ಒಂದೇ ಕಡೆ ಉಳಿಯಬೇಕೆಂದು ಅವರಿಗೆ ಆಸೆಯಿತ್ತು. ಕೊಳ್ಳುವವರು ಸಿಗದೆ ಭಾಗಗಳು ಚದುರಿದವು, ಕೆಲವನ್ನು ಬೇರೆ ಕೃತಿಗಳಿಗೆ ಬಳಸಿಕೊಂಡರು.

ಚಿನ್ನದ ಬಣ್ಣ 1960ರ ಆಚೀಚೆ ಬಂತು. 1962ರ ವೆನಿಸ್ ಬಿನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಮೇಳದಲ್ಲಿ, ಅಮೆರಿಕದ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಕಪ್ಪು, ಬಿಳಿ, ಚಿನ್ನ ಮೂರನ್ನೂ ತೋರಿಸಿದರು. ಲಂಡನ್ನಿನ ಟೇಟ್ ಸಂಗ್ರಹದಲ್ಲಿ ಒಂದು ದೊಡ್ಡ ಚಿನ್ನದ ಗೋಡೆಯಿದೆ. ನನಗೆ ಚಿನ್ನದವು ಅಷ್ಟಾಗಿ ಹಿಡಿಸುವುದಿಲ್ಲ. ಹೊಳಪು ಕಣ್ಣನ್ನು ಹೊರಗೇ ತಡೆದು ನಿಲ್ಲಿಸುತ್ತದೆ, ಒಳಗೆ ಬಿಡುವುದಿಲ್ಲ.

ಮೊದಲೇ ನಕ್ಷೆ ಬರೆದುಕೊಳ್ಳುತ್ತಿದ್ದರೇ?

ಇಲ್ಲ. ಮರದ ತುಂಡುಗಳನ್ನು ಮೊದಲೇ ಕಪ್ಪು ಬಳಿದು ರಾಶಿ ಹಾಕಿಕೊಂಡು, ಕೈಗೆತ್ತಿಕೊಂಡು, ಇಟ್ಟು, ತೆಗೆದು, ಮತ್ತೆ ಇಟ್ಟು ಕಟ್ಟುತ್ತಿದ್ದರು. ಬೆಳಗಿನ ಜಾವಕ್ಕೇ ಎದ್ದು ಕೆಲಸಕ್ಕೆ ಇಳಿಯುವ ರೂಢಿ. ಮೊಳೆ ಹೊಡೆಯುವ, ಕೊಯ್ಯುವ ಕೆಲಸಕ್ಕೆ ಸಹಾಯಕರಿದ್ದರು. 1960ರ ದಶಕದಿಂದ ಡಯಾನಾ ಮೆಕ್‌ಕೌನ್ ಕೊನೆಯವರೆಗೂ ಜೊತೆಗಿದ್ದರು. ಪೆಟ್ಟಿಗೆಗಳು ಬಿಡಿಯಾಗಿದ್ದುದರಿಂದ ಒಂದು ಪ್ರದರ್ಶನದ ಗೋಡೆ ಇನ್ನೊಂದಕ್ಕೆ ಹೋಗುವಾಗ ಬದಲಾಗಿಬಿಡುತ್ತಿತ್ತು. ಕೃತಿಗೆ ಇಸವಿ ಹಾಕುವ ಮ್ಯೂಸಿಯಂನವರಿಗೆ ಇದು ಇಂದಿಗೂ ತಲೆನೋವು.

ಹೆಸರು ಬಂದ ಮೇಲೆ ಕಷ್ಟ ತೀರಿತೇ?

ಕೂಡಲೇ ಅಲ್ಲ. ವೆನಿಸ್‌ನಿಂದ ಬಂದ ಹೊಸದರಲ್ಲೇ ಸಿಡ್ನಿ ಜಾನಿಸ್ ಅವರ ಪ್ರತಿಷ್ಠಿತ ಗ್ಯಾಲರಿ ಸೇರಿ, 1963ರ ಹೊಸ ವರ್ಷಕ್ಕೆ ಪ್ರದರ್ಶನ ನಡೆಸಿದರು. ಮಾರಾಟ ಕೈಕೊಟ್ಟಿತು, ಸಾಲ ಬೆಳೆಯಿತು, ಗ್ಯಾಲರಿಯೊಂದಿಗೆ ಜಗಳವಾಯಿತು. ಲಾಸ್ ಏಂಜಲೀಸ್‌ನ ಟ್ಯಾಮರಿಂಡ್ ಕಾರ್ಯಾಗಾರ ಕರೆದದ್ದು ಆಗಲೇ. ಅಲ್ಲಿ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಮುದ್ರಿಸುತ್ತಾ ಸುಧಾರಿಸಿಕೊಂಡರು. ಆಮೇಲೆ ಪೇಸ್ ಗ್ಯಾಲರಿಯ ಆರ್ನಲ್ಡ್ ಗ್ಲಿಮ್ಚರ್ ಜೊತೆಯಾದರು. ಮಗನಿಗಿಂತ ಕಿರಿಯ ಆ ವ್ಯಾಪಾರಿಯೊಂದಿಗಿನ ನಂಬಿಕೆ ಕೊನೆಯವರೆಗೂ ಕೆಡಲಿಲ್ಲ. 1967ರಲ್ಲಿ ವಿಟ್ನಿ ಮ್ಯೂಸಿಯಂ ಸಮಗ್ರ ಪ್ರದರ್ಶನ ಏರ್ಪಡಿಸಿತು. 1985ರಲ್ಲಿ ರಾಷ್ಟ್ರೀಯ ಕಲಾ ಪದಕ ಬಂತು.

ಉಕ್ಕಿನ ಶಿಲ್ಪಗಳನ್ನೂ ಮಾಡಿದರೇ?

ಮಾಡಿದರು, ಅದೂ 70ರ ಹೊಸ್ತಿಲಲ್ಲಿ. 1969ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕಾಗಿ ಕಾರ್ಟೆನ್ ಎಂಬ, ಮೇಲ್ಪದರದ ತುಕ್ಕೇ ರಕ್ಷಣೆಯಾಗುವ ಉಕ್ಕಿನಲ್ಲಿ ದೊಡ್ಡ ಬಯಲು ಶಿಲ್ಪ ಕಟ್ಟಿದರು. ಕನೆಕ್ಟಿಕಟ್‌ನ ಲಿಪಿನ್‌ಕಾಟ್ ಕಾರ್ಖಾನೆಯಲ್ಲಿ ಬೆಸುಗೆಯವರ ನಡುವೆ ನಿಂತು, ಕತ್ತರಿಸಿ ಉಳಿದ ಲೋಹದ ತುಂಡುಗಳನ್ನು ಮರದಂತೆಯೇ ಆಯ್ದು ಜೋಡಿಸುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಕೆಳ ಮ್ಯಾನ್‌ಹಾಟನ್ನಿನಲ್ಲಿ, ಫೆಡರಲ್ ರಿಸರ್ವ್ ಬ್ಯಾಂಕಿನ ಪಕ್ಕದ ತ್ರಿಕೋನಾಕಾರದ ಚೌಕಕ್ಕೆ ಅವರ ಏಳು ಉಕ್ಕಿನ ಶಿಲ್ಪಗಳು ಬಂದವು, ಅವರ ಹೆಸರೂ ಬಂತು. ಬದುಕಿರುವಾಗಲೇ.

ಯಹೂದಿ ಕಲಾವಿದೆ ಕ್ರೈಸ್ತ ಪ್ರಾರ್ಥನಾ ಮಂದಿರ ಮಾಡಿದ್ದು ಹೇಗೆ?

ಮ್ಯಾನ್‌ಹಾಟನ್ನಿನ ಸೇಂಟ್ ಪೀಟರ್ಸ್ ಲೂಥರನ್ ಚರ್ಚಿನ ಪುಟ್ಟ ಪ್ರಾರ್ಥನಾ ಕೋಣೆಯನ್ನು ಅವರು 1977ರಲ್ಲಿ ಪೂರ್ತಿಯಾಗಿ ರೂಪಿಸಿದರು. ಬಿಳಿ ಗೋಡೆ, ಬಿಳಿ ಮರದ ಉಬ್ಬುಶಿಲ್ಪಗಳು, ಶಿಲುಬೆಯಲ್ಲಿ ಮಾತ್ರ ಚಿನ್ನದ ಹಾಳೆ. ಆಧ್ಯಾತ್ಮಕ್ಕೆ ಮತದ ಗೆರೆಯಿಲ್ಲ ಎಂಬ ನಿಲುವು ಅವರದು. ತಮ್ಮ ಮೂಲವನ್ನು ಮರೆತರೆಂದೂ ಅಲ್ಲ. 1964ರಲ್ಲಿ ನಾಜಿಗಳ ಕೈಯಲ್ಲಿ ಸತ್ತ 60 ಲಕ್ಷ ಯಹೂದಿಗಳ ನೆನಪಿಗೆ ಕಪ್ಪು ಗೋಡೆಗಳನ್ನು ಮಾಡಿದ್ದರು. ಅವುಗಳಲ್ಲಿ ಒಂದು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ.

ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಅವರ ಕೃತಿ ಇತ್ತೇ?

ಇತ್ತು. ‘ಸ್ಕೈ ಗೇಟ್, ನ್ಯೂಯಾರ್ಕ್’ ಎಂಬ ಸುಮಾರು 32 ಅಡಿ ಅಗಲದ ಕಪ್ಪು ಮರದ ಗೋಡೆ ಮೊದಲನೇ ಗೋಪುರದ ಒಳಗೆ 1978ರಿಂದ ಇತ್ತು. 2001ರ ಸೆಪ್ಟೆಂಬರ್ 11ರಂದು ಕಟ್ಟಡದ ಜೊತೆ ನಾಶವಾಯಿತು.

ಆ ವೇಷಭೂಷಣ ಏನು ಕಥೆ?

ಎರಡು ಜೊತೆ ಕೃತಕ ರೆಪ್ಪೆ, ತಲೆಗೆ ಬಿಗಿದ ವಸ್ತ್ರ ಅಥವಾ ಸವಾರರ ಟೋಪಿ, ಮೈತುಂಬ ಜರತಾರಿ, ಕೊರಳಿಗೆ ದೊಡ್ಡ ಹಾರ, ಕೈಯಲ್ಲಿ ಸಣ್ಣ ಚುಟ್ಟಾ. ಪತ್ರಿಕೆಗಳು ಇದನ್ನೇ ಬರೆದವು. ಬಟ್ಟೆ ಜೋಡಿಸುವುದೂ ಅವರಿಗೆ ಶಿಲ್ಪ ಜೋಡಿಸಿದಂತೆಯೇ. ಬೇಕೆಂದೇ ಮಾಡಿದ ಪ್ರಚಾರವೂ ಹೌದು. 60 ದಾಟಿದ ಹೆಂಗಸನ್ನು ಯಾರೂ ಕಣ್ಣೆತ್ತಿ ನೋಡದ ಊರಿನಲ್ಲಿ ನೋಡದೆ ಇರಲಾಗದಂತೆ ಮಾಡಿದರು.

ಜೋಸೆಫ್ ಕಾರ್ನೆಲ್ ಕೂಡ ಪೆಟ್ಟಿಗೆಗಳ ಕಲಾವಿದರಲ್ಲವೇ? ಏನು ವ್ಯತ್ಯಾಸ?

ಕಾರ್ನೆಲ್ ಅವರದು ಕೈಯಲ್ಲಿ ಹಿಡಿಯುವಷ್ಟು ಪುಟ್ಟ, ಗಾಜು ಮುಚ್ಚಿದ ಪೆಟ್ಟಿಗೆ. ಒಳಗೆ ಹಕ್ಕಿಯ ಚಿತ್ರ, ನಕ್ಷತ್ರಪಟ, ಗೋಲಿ, ಎಲ್ಲವೂ ತನ್ನ ಗುರುತು ಉಳಿಸಿಕೊಂಡು ನೆನಪನ್ನು ಕೆದಕುತ್ತವೆ. ನೆವೆಲ್ಸನ್ ಗುರುತು ಅಳಿಸುತ್ತಾರೆ, ಗಾತ್ರ ಹಿಗ್ಗಿಸುತ್ತಾರೆ. ಕಾರ್ನೆಲ್ ಪೆಟ್ಟಿಗೆಗೆ ಕಣ್ಣಿಟ್ಟು ಇಣುಕಬೇಕು, ಇವರದರ ಎದುರು ಮೈಯನ್ನೇ ತಂದು ನಿಲ್ಲಿಸಬೇಕು.

ಸಾವಿನ ನಂತರ ಏನಾಯಿತು?

1988ರ ಏಪ್ರಿಲ್ 17ರಂದು ಸ್ಪ್ರಿಂಗ್ ಸ್ಟ್ರೀಟ್ ಮನೆಯಲ್ಲಿ ತೀರಿಕೊಂಡರು. ಮಿದುಳಿನಲ್ಲಿ ಗೆಡ್ಡೆಯಾಗಿತ್ತು. ಆಸ್ತಿ ಮತ್ತು ಕೃತಿಗಳ ಬಗ್ಗೆ ಮಗನಿಗೂ ಸಹಾಯಕಿ ಮೆಕ್‌ಕೌನ್ ಅವರಿಗೂ ನಡುವೆ ಕಹಿಯಾದ ವ್ಯಾಜ್ಯ ನಡೆಯಿತು. ಅದರ ವಿವರಕ್ಕೆ ಹೋಗುವುದಿಲ್ಲ. 2000ದಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಕೃತಿಗಳ ಐದು ಅಂಚೆಚೀಟಿ ತಂದಿತು. 2022ರಲ್ಲಿ, ಸರಿಯಾಗಿ 60 ವರ್ಷಗಳ ನಂತರ, ಬಿನಾಲೆಯ ಜೊತೆಗೇ ವೆನಿಸ್‌ನಲ್ಲಿ ಮತ್ತೆ ದೊಡ್ಡ ಪ್ರದರ್ಶನ ನಡೆಯಿತು.

ಎಲ್ಲಿ ನೋಡಬಹುದು? ನೋಡುವಾಗ ಏನು ಗಮನಿಸಬೇಕು?

ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿರುವ ಕನ್ನಡಿಗರಿಗೆ ಅನುಕೂಲ ಹೆಚ್ಚು. ಪ್ರಿನ್ಸ್‌ಟನ್ನಿನ ಶಿಲ್ಪ ಬಯಲಲ್ಲೇ ಇದೆ. ಮ್ಯಾನ್‌ಹಾಟನ್ನಿನಲ್ಲಿ ನೆವೆಲ್ಸನ್ ಚೌಕಕ್ಕೂ ಪಾರ್ಕ್ ಅವೆನ್ಯೂ 92ನೇ ಬೀದಿಯ ಉಕ್ಕಿನ ಶಿಲ್ಪಕ್ಕೂ ಟಿಕೆಟ್ ಬೇಡ. ಮೆಟ್ರೊಪಾಲಿಟನ್ ಮ್ಯೂಸಿಯಂನ ಸಂಗ್ರಹದಲ್ಲಿ ‘ಮಿಸೆಸ್ ಎನ್ಸ್ ಪ್ಯಾಲೇಸ್’ ಎಂಬ ಕಪ್ಪು ಮನೆಯೇ ಇದೆ, ಅದರ ನೆಲಕ್ಕೆ ಕಪ್ಪು ಕನ್ನಡಿ. ಮೈನ್ ಕಡೆ ಹೋದರೆ ರಾಕ್‌ಲ್ಯಾಂಡಿನ ಫಾರ್ನ್ಸ್‌ವರ್ತ್ ಮ್ಯೂಸಿಯಂ ಬಿಡಬೇಡಿ. ಯಾವ ಮ್ಯೂಸಿಯಂ ಆದರೂ ಕೃತಿಗಳನ್ನು ಆಗಾಗ ದಾಸ್ತಾನಿಗೆ ಇಳಿಸುತ್ತದೆ, ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿಕೊಳ್ಳಿ.

ಕಪ್ಪು ಗೋಡೆಯ ಮುಂದೆ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು, ಅಷ್ಟು ಹೊತ್ತು ನಿಲ್ಲಿ. ಎದುರಿನಿಂದ ನೋಡಿದ ಮೇಲೆ ಎಡಕ್ಕೂ ಬಲಕ್ಕೂ ನಡೆದು ನೋಡಿ. ಮೊಬೈಲ್ ಫೋಟೋ ನಂಬಬೇಡಿ: ಕ್ಯಾಮೆರಾ ಕತ್ತಲನ್ನು ತಾನಾಗಿಯೇ ತಿಳಿಯಾಗಿಸಿ, ಅವರು ಜತನದಿಂದ ಬಚ್ಚಿಟ್ಟ ತುಂಡುಗಳನ್ನೆಲ್ಲ ಹೊರಗೆಳೆದು ಗುಜರಿ ಅಂಗಡಿಯ ಕಪಾಟಿನ ಹಾಗೆ ತೋರಿಸಿಬಿಡುತ್ತದೆ.